ಏಳು ಮಂಗಳವಾರ

"ಉಸಿರು ಬಿಗಿ ಹಿಡೀರಿ," ಎಂದೆ.

"ಯಾಕೆ, ಅದಕ್ಕೆ ಕೇಳ್ಸುತ್ತಾ ಮೇಸ್ತ್ರಿ?"

"ಅದಕ್ಕೆ ಕೇಳ್ಸಲ್ಲ. ನನಗೆ ಕೇಳ್ಸುತ್ತೆ."

ಮನೆಯೊಡತಿ ಯೂಝೆನ್ ನಕ್ಕಳೋ ಇಲ್ಲವೋ ಕತ್ತಲಲ್ಲಿ ಕಾಣಲಿಲ್ಲ. ಹೊರಗೆ ಬೆಳಗಿನ ಹತ್ತು ಗಂಟೆ. ಕೀಲುಂಗ್ ಬಂದರಿನ ಕ್ರೇನುಗಳು ಕಿರುಗುಡುವುದು ನಾಲ್ಕನೇ ಮಹಡಿಯ ಈ ಮನೆಗೂ ಕೇಳುತ್ತಿತ್ತು. ಒಳಗೆ ಮಾತ್ರ ಪರದೆ ಎಳೆದು ಕತ್ತಲು ಮಾಡಿಕೊಂಡು ಕೂತಿದ್ದೆವು.

ಕೆಲಸ ಮುಗಿಸಿ ಬಂದ ಮೇಲೆ ಗಂಡ ಹೆಂಡತಿ ಕೂತು ನೋಡಲೆಂದು, ಮೀನಿನ ತೊಟ್ಟಿಯ ದೀಪ ಸಂಜೆ ಐದಕ್ಕೆ ಹತ್ತಿ ನಡುರಾತ್ರಿ ದಾಟಿದ ಮೇಲೆ ಆರುವಂತೆ ಟೈಮರ್ ಇಟ್ಟವನು ಆಕೆಯ ಗಂಡ ವೆನ್‌ಚೆಂಗ್. ಹಾಗಾಗಿ ಊರಿಗೆ ಹಗಲಾದಾಗ ಈ ಐದಡಿ ಉದ್ದದ ಗಾಜಿನ ಸಮುದ್ರಕ್ಕೆ ರಾತ್ರಿ. ಇಲ್ಲಿನ ಕಳ್ಳ ಹೊರಡುವ ಹೊತ್ತು ಇದೇ.

ಮೂರು ದಿನದಿಂದ ಇಲ್ಲಿಗೆ ಬರುತ್ತಿದ್ದೇನೆ. ತೊಟ್ಟಿಯಲ್ಲಿದ್ದ ಹನ್ನೊಂದು ಮೀನುಗಳಲ್ಲಿ ಒಂಬತ್ತನ್ನು ಯಾವುದೋ ಪ್ರಾಣಿ ತಿಂದು ಮುಗಿಸಿತ್ತು. ಹಡಗಿನ ಎಂಜಿನ್ ಕೆಲಸಕ್ಕೆ ಹೋಗಿರುವ ವೆನ್‌ಚೆಂಗ್ ನಾಳೆ, ಬುಧವಾರ, ಮರಳುತ್ತಾನೆ. ಅಷ್ಟರೊಳಗೆ ಅದನ್ನು ಹಿಡಿದುಕೊಡಿ, ಉಳಿದ ಎರಡನ್ನಾದರೂ ಅವರು ಬಂದಾಗ ತೋರಿಸಬೇಕು ಎಂದು ಆಕೆ ನನ್ನನ್ನು ಕರೆಸಿದ್ದಳು.

ನನ್ನ ಹೆಸರು ತೂ. ಇಪ್ಪತ್ತಾರು ವರ್ಷ ಬಂದರು ಪೊಲೀಸಿನಲ್ಲಿ ಕಳ್ಳಸಾಗಣೆಯವರ ಹಿಂದೆ ಓಡಿ, ಈಗ ಜನರ ಮನೆಯ ಉಪ್ಪುನೀರಿನ ತೊಟ್ಟಿಗಳಲ್ಲಿ ಹುಳ ಹುಪ್ಪಟೆ ಹಿಡಿಯುತ್ತೇನೆ. ಹಳೆಯ ಜೊತೆಗಾರರು ನಗುತ್ತಾರೆ. ನಗಲಿ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು, ಮನೆಯಲ್ಲಿ ರೇಡಿಯೋ ಬಿಟ್ಟರೆ ಇನ್ನೊಂದು ದನಿಯಿಲ್ಲ. ಬೀದಿ ಕೊನೆಯ ನೂಡಲ್ಸ್ ಅಂಗಡಿಯವಳು ನನ್ನನ್ನು ಕಂಡ ಕೂಡಲೇ ಒಂದು ಬಟ್ಟಲು ಇಡುತ್ತಾಳೆ. ಎಷ್ಟು ಜನ ಎಂದು ಕೇಳುವುದನ್ನು ಯಾವತ್ತೋ ಬಿಟ್ಟಿದ್ದಾಳೆ.

ಈ ಮನೆಯಲ್ಲಿ ಮೊದಲ ದಿನವೇ ಎರಡು ಲೋಟ ಬಾರ್ಲಿ ಚಹಾ ಬಂತು, ಒಂದು ನನಗೆ, ಒಂದು ಆಕೆಗೆ. ಎದುರು ಕೂತು ಕುಡಿದಳು. ಹೇಳಿಬಿಡುತ್ತೇನೆ, ಮೊದಲ ದಿನವೇ ಹಿಡಿಯಬಹುದಾಗಿದ್ದ ಪ್ರಾಣಿಯನ್ನು ಮೂರನೇ ದಿನದವರೆಗೆ ಎಳೆದವನು ನಾನೇ.

ತೊಟ್ಟಿಯೊಳಗೆ ಕಲ್ಲಿಗೆ ಒರಗಿಸಿ ಅಗಲ ಬಾಯಿಯ ಉಪ್ಪಿನಕಾಯಿ ಜಾಡಿಯೊಂದನ್ನು ಓರೆಯಾಗಿ ಇಳಿಸಿದ್ದೆ. ತಳದಲ್ಲಿ ಒಂದು ಚೂರು ಸೀಗಡಿ. ಹೊರಗಿನಿಂದ ಕಲ್ಲು ಹಿಡಿದು ಹತ್ತಬಹುದು. ಒಳಗಿಳಿದರೆ ನುಣುಪು ಗಾಜು, ಕಾಲೂರಲು ಆಗುವುದಿಲ್ಲ. ಕೆಂಪು ಬೆಳಕು ಇವಕ್ಕೆ ಅಷ್ಟಾಗಿ ಕಾಣುವುದಿಲ್ಲವೆಂದು ಟಾರ್ಚಿನ ಬಾಯಿಗೆ ಕೆಂಪು ಕಾಗದ ಸುತ್ತಿದ್ದೆ.

ಕಲ್ಲಿನ ಬುಡದ ಮರಳು ಅಲುಗಿತು. ಮೊದಲು ಎರಡು ಕಣ್ಣು, ಆಮೇಲೆ ಕೊಂಡಿಗಳು. ಜಾಡಿಯ ಬಾಯಿಯ ಹತ್ತಿರ ನಿಂತು ಬಹಳ ಹೊತ್ತು ಯೋಚಿಸಿತು. ಹೊಟ್ಟೆ ಗೆದ್ದಿತು. ಗಾಜಿಗೆ ಚಿಪ್ಪು ತಾಗಿ ಟಣ್ ಎಂದಿತು.

"ಬಿತ್ತು," ಎಂದು ನಾನು ತೋಳು ಮುಳುಗಿಸಿ ಜಾಡಿಯ ಬಾಯಿಗೆ ಅಂಗೈ ಒತ್ತಿ ಎತ್ತಿದೆ.

ಯೂಝೆನ್ ಪರದೆ ಸರಿಸಿದಳು. ಬಿಸಿಲು ಕಣ್ಣು ಕುಕ್ಕಿತು. ಬಕೆಟ್ಟಿನಲ್ಲಿ ಏಡಿ ಕೊಂಡಿ ಎತ್ತಿ ನನ್ನ ಮೇಲೆ ಯುದ್ಧ ಸಾರುತ್ತಿತ್ತು. ಅಂಗೈಯಗಲದ ಹಸಿರು ಬೆನ್ನು, ನೀಲಿ ಕೊಂಡಿ.

ನಾನು ಬಗ್ಗಿ ಅದನ್ನು ನೋಡಿದೆ. ಹವಳದ ಕಲ್ಲಿನ ಸಂದಿಯಲ್ಲಿ ಅಡಗಿ ಮನೆ ಸೇರುವ ಏಡಿಗಳು ಹೆಬ್ಬೆರಳಿನ ಉಗುರಿನಷ್ಟಿರುತ್ತವೆ. ಈ ಜಾತಿಯನ್ನು ನಾನು ನೋಡಿದ್ದು ಬೇರೆ ಕಡೆ, ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದ ಮೇಲೆ, ತಟ್ಟೆಯಲ್ಲಿ.

"ಇದು ಮೀನು ಮಾರ್ಕೆಟ್ಟಿನ ಏಡಿ," ಎಂದೆ. "ತಾನಾಗಿ ಬಂದದ್ದಲ್ಲ. ಯಾರೋ ತಂದು ಬಿಟ್ಟಿದ್ದಾರೆ."

"ಯಾರು?"

ಆಕೆಯ ದನಿಯಲ್ಲಿ ಆಶ್ಚರ್ಯವಿರಲಿಲ್ಲ, ಆಯಾಸವಿತ್ತು. ನಿದ್ದೆಗೆಟ್ಟಿದ್ದಾಳೆ ಎಂದುಕೊಂಡೆ. ಪೊಲೀಸ್ ಕೆಲಸ ಬಿಟ್ಟ ಮೇಲೆ ಬುದ್ಧಿಯೂ ಬಿಟ್ಟುಹೋಗಿತ್ತೆಂದು ಕಾಣುತ್ತದೆ.

ಪ್ರತಿ ತೊಟ್ಟಿಯಲ್ಲೂ ಪಂಪಿನ ಹರಿವು ಕಸವನ್ನೆಲ್ಲ ತಳ್ಳಿ ತಂದು ಗುಡ್ಡೆ ಹಾಕುವ ಒಂದು ಮೂಲೆಯಿರುತ್ತದೆ. ಆ ಮೂಲೆಗೆ ಕೈ ಹಾಕಿದೆ. ಮೀನಿನ ಮುಳ್ಳು ಸಿಕ್ಕಿತು. ಆಮೇಲೆ ಖಾಲಿ ಚಿಪ್ಪುಗಳು, ಮುರಿದ ಕೊಂಡಿಗಳು, ಇನ್ನೂ ಚಿಪ್ಪು. ಇದೇ ಜಾತಿಯ ಬೇರೆ ಏಡಿಗಳವು. ಒಂದನ್ನೊಂದು ತಿಂದು ಕೊನೆಗೆ ಉಳಿದವನು ಬಕೆಟ್ಟಿನಲ್ಲಿದ್ದ.

ಅವುಗಳ ಕೆಳಗೆ ರಬ್ಬರ್ ಬ್ಯಾಂಡುಗಳಿದ್ದವು.

ಮಾರ್ಕೆಟ್ಟಿನಲ್ಲಿ ಏಡಿಯ ಎರಡೂ ಕೊಂಡಿ ಸೇರಿಸಿ ಸುತ್ತುವ ದಪ್ಪ ರಬ್ಬರ್, ಏಡಿಗೊಂದು. ಒಂದೊಂದನ್ನೂ ಹಳೆಯ ಪೇಪರಿನ ಮೇಲೆ ಹರಡಿದೆ. ಕೆಂಪು ರಬ್ಬರ್ ಆರು. ಇನ್ನೊಂದು ಹಸಿರು ಪ್ಲಾಸ್ಟಿಕ್ ದಾರ. ಏಡಿಗಾರನಿಗೆ ಆವತ್ತು ಕೆಂಪು ಮುಗಿದಿರಬೇಕು ಎಂದುಕೊಂಡು ಅದನ್ನೂ ಸಾಲಿಗೆ ಸೇರಿಸಿದೆ. ಒಟ್ಟು ಏಳು. ಎಲ್ಲವನ್ನೂ ಕತ್ತರಿಯಿಂದ ನೀಟಾಗಿ ಕತ್ತರಿಸಲಾಗಿತ್ತು.

"ಪಾಂಗ್ ಇರಬಹುದಾ?" ಎಂದಳು ಯೂಝೆನ್. ಪಾಂಗ್ ಎಂದರೆ ಅಲಂಕಾರ ಮೀನಿನ ಅಂಗಡಿಯವನು. ತೊಟ್ಟಿಯಲ್ಲಿರುವ ಹವಳವನ್ನೆಲ್ಲ ತನಗೇ ಮಾರಿಬಿಡು ಎಂದು ಎರಡು ಸಲ ಬಂದು ಕೇಳಿದ್ದನಂತೆ.

ನನ್ನ ಅನುಮಾನವೂ ಮೊದಲ ದಿನ ಅವನ ಮೇಲೇ ಇತ್ತು. ಈಗ ತಲೆ ಅಲ್ಲಾಡಿಸಿದೆ. "ಪಾಂಗ್‌ಗೆ ಈ ಕೆಲಸ ಗೊತ್ತು. ಹಾಳು ಮಾಡ್ಬೇಕು ಅಂದ್ರೆ ಕಲ್ಲಲ್ಲಿ ಒಂದು ಸಣ್ಣ ಹುಳ ಇಟ್ಟು ಕಳಿಸ್ತಿದ್ದ. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಇದು ಮೀನು ಸಾಕೋದು ಗೊತ್ತಿಲ್ಲದೋರ ಕೆಲಸ. ಏಡಿ ಮೀನು ತಿನ್ನುತ್ತೆ ಅನ್ನೋದೂ ಗೊತ್ತಿಲ್ಲ ಅವರಿಗೆ."

"ಹಾಗಾದ್ರೆ ಯಾಕೆ ಬಿಟ್ರು?"

ಪೇಪರಿನ ಮೇಲಿನ ಕಟ್ಟುಗಳನ್ನು ಇನ್ನೊಮ್ಮೆ ಎಣಿಸಿದೆ. ಏಳು.

ಕೆಡುಕು ಬಯಸುವವರು ಕಟ್ಟು ಬಿಚ್ಚಿ ಬಿಡುವುದಿಲ್ಲ. ಏಡಿಯನ್ನು ತಟ್ಟೆಯಿಂದ ಉಳಿಸಿ, ಕಟ್ಟು ಕತ್ತರಿಸಿ, ನೀರಿಗೆ ಬಿಡುವುದು ನಮ್ಮಲ್ಲಿ ಪುಣ್ಯದ ಕೆಲಸ. ಸಾಯಲಿದ್ದ ಜೀವಕ್ಕೆ ಬಿಡುಗಡೆ ಕೊಟ್ಟ ಪುಣ್ಯವನ್ನು ಇನ್ನೊಬ್ಬರ ಹೆಸರಿಗೆ ಬರೆಯಬಹುದು. ಯಾರದ್ದಾದರೂ ಸಾವಾದರೆ ಏಳು ದಿನಕ್ಕೊಮ್ಮೆ, ಏಳು ಸಲ, ನಲವತ್ತೊಂಬತ್ತು ದಿನದವರೆಗೆ ಏನಾದರೂ ಮಾಡುತ್ತೇವೆ. ನನ್ನ ಹೆಂಡತಿಗೆ ನಾನು ಏಳು ವಾರ ಆಮೆಮರಿ ಬಿಟ್ಟಿದ್ದೆ. ಏಳನೆಯದನ್ನು ಬಿಟ್ಟ ದಿನ ಮನೆಗೆ ಬಂದು ಮುಂದಿನ ವಾರ ಏನು ಮಾಡುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದೆ.

ಈ ತೊಟ್ಟಿಯ ನೀರನ್ನು ಕೊಡಗಳಲ್ಲಿ ಸಮುದ್ರದಿಂದ ಹೊತ್ತು ತಂದವನು ವೆನ್‌ಚೆಂಗ್. ಅವನ ನೀರಿಗೆ, ಅವನ ಮನೆಯಲ್ಲಿ, ಯಾರೋ ಏಳು ಜೀವ ಬಿಟ್ಟಿದ್ದರು. ನಾಳೆ ಅವನು ಬರುತ್ತಾನೆಂದು ಹೊಸ ಚಪ್ಪಲಿ ತಂದು ಬಾಗಿಲಲ್ಲಿಟ್ಟುಕೊಂಡವಳು ನನ್ನ ಎದುರು ನಿಂತಿದ್ದಳು.

"ಕೀಲಿ ಯಾರ ಹತ್ರ ಇದೆ?" ಎಂದು ಕೇಳಿದೆ.

"ನನ್ನ ಹತ್ರ, ಅವರ ಹತ್ರ, ಮತ್ತೆ ನಮ್ಮ ಅತ್ತಿಗೆ ಹತ್ರ. ಅವರಕ್ಕ, ಸುಮೇ ಅಂತ. ಇಲ್ಲೇ ಹತ್ತಿರ, ಬಾದೌಝಿಲಿದ್ದಾರೆ. ನಾನು ಕೆಲಸಕ್ಕೆ ಹೋದಾಗ ಮಂಗಳವಾರ ಮಂಗಳವಾರ ಬಂದು ಇಂಗಿದ ನೀರು ತುಂಬಿಸಿ ಹೋಗ್ತಾರೆ."

"ಇವತ್ತು ಮಂಗಳವಾರ."

"ಹೌದು. ನಾನು ರಜೆ ಹಾಕಿರೋದು ಅವರಿಗೆ ಗೊತ್ತಿಲ್ಲ."

ತೊಟ್ಟಿಯ ಪಕ್ಕ ದಾರಕ್ಕೆ ಕಟ್ಟಿದ ಒಂದು ಪುಸ್ತಕವಿತ್ತು, ನೀರಿನ ಉಪ್ಪು, ಬಿಸಿ ಬರೆಯುವುದಕ್ಕೆ. ಹಾಳೆ ತಿರುಗಿಸಿದೆ. ಮೇ ಹದಿನಾರು, ಶುಕ್ರವಾರ: ಇವರ ಹಡಗು ಹೊರಟಿತು. ಮೇ ಇಪ್ಪತ್ತು, ಮಂಗಳವಾರ: ಸಂಜೆ ಬಂದಾಗ ನೆಲ ಒದ್ದೆ, ಕತ್ತರಿ ಸ್ಥಾನದಲ್ಲಿಲ್ಲ. ಇಪ್ಪತ್ತೆರಡು: ಹಳದಿ ಮೀನು ಕಾಣುತ್ತಿಲ್ಲ. ಇಪ್ಪತ್ತೇಳು, ಮಂಗಳವಾರ: ನೆಲ ಒದ್ದೆ.

"ಮೊದಲಿಂದ್ಲೂ ಬರೆದಿಟ್ಟಿದ್ದೀರಿ," ಎಂದೆ.

"ರಾತ್ರಿ ಬೇರೇನು ಕೆಲಸ ಇರುತ್ತೆ ಮೇಸ್ತ್ರಿ? ದೀಪ ಹತ್ತುತ್ತೆ. ಕೂತ್ಕೋತೀನಿ. ಪಕ್ಕದ ಕುರ್ಚಿ ಖಾಲಿ. ಬರೀತೀನಿ."

"ವೆನ್‌ಚೆಂಗ್ ಫೋನ್ ಮಾಡ್ತಾರಾ?"

"ಹಡಗಲ್ಲಿ ಸಿಗ್ನಲ್ ಇಲ್ವಂತೆ. ವಾರಕ್ಕೊಂದು ಮೆಸೇಜ್ ಬರುತ್ತೆ." ಫೋನು ನನ್ನ ಕೈಗಿಟ್ಟಳು. ಒಂಬತ್ತು ಮೆಸೇಜು. 'ಚೆನ್ನಾಗಿದ್ದೀನಿ. ಕೆಲಸ ಜಾಸ್ತಿ. ಹೊತ್ತಿಗೆ ಸರಿಯಾಗಿ ಊಟ ಮಾಡು.' ಒಂಬತ್ತೂ ಹೆಚ್ಚುಕಡಿಮೆ ಅವೇ ಮಾತು.

"ಮೀನಿನ ವಿಷಯ ಕೇಳಿಲ್ಲ," ಎಂದೆ.

"ಇಲ್ಲ."

"ಒಂದು ಸಲಾನೂ ಇಲ್ವಾ?"

"ಮದುವೆ ಊಟಕ್ಕೆ ಕೂತಿದ್ದಾಗ ಮಧ್ಯದಲ್ಲೆದ್ದು ಮನೆಗೆ ಬಂದು ನೀರಿನ ಬಿಸಿ ನೋಡ್ಕೊಂಡು ಹೋದ ಮನುಷ್ಯ ಅವರು." ಆಕೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಚಹಾ ಇಡ್ತೀನಿ," ಎಂದು ಅಡುಗೆಮನೆಗೆ ಹೋದಳು.

ಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿದ್ದು ಆಗಲೇ.

ಒಳಗೆ ಬಂದವಳಿಗೆ ಐವತ್ತೈದರ ಆಸುಪಾಸು. ಬಿಸಿಲಿಗೆ ಹಿಡಿದ ಛತ್ರಿ, ಕೈಚೀಲದಲ್ಲಿ ಮೀನಿನುಂಡೆ ಸಾರಿನ ಡಬ್ಬಿ. ನನ್ನನ್ನು ಕಂಡು ಗಕ್ಕನೆ ನಿಂತಳು. ಮೊದಲು ಮಾಡಿದ ಕೆಲಸ ಕಿಟಕಿಗೆ ಹೋಗಿ ಪರದೆ ಎಳೆದದ್ದು.

"ಏನು ಬಿಸಿಲಪ್ಪಾ! ಯಾರ್ರೀ ನೀವು? ನಲ್ಲಿ ರಿಪೇರಿಯೋರಾ?"

"ರಿಪೇರಿಯೋನೇ ಅಕ್ಕಾ. ಕೂತ್ಕೊಳ್ಳಿ."

"ಕೂರೋಕೆ ಪುರಸೊತ್ತಿಲ್ಲ, ನೀರು ಹಾಕಿ ಹೋಗ್ಬೇಕು. ಇದೇನು ಪೇಪರ್ ಮೇಲೆ ಸಂತೆ ಹರಡ್ಕೊಂಡಿದ್ದೀ..." ಮಾತು ಅಲ್ಲೇ ನಿಂತಿತು. ಬಕೆಟ್ಟಿನಲ್ಲಿ ಏಡಿ ಪರಪರ ಕೆರೆಯುತ್ತಿತ್ತು.

"ಪರಿಚಯ ಇರಬೇಕಲ್ಲ?" ಎಂದೆ.

"ನನಗೇನು ಪರಿಚಯ? ಅದೇನು ನನ್ನ ನೆಂಟನಾ?"

"ನೆಂಟರಂಗೇ ಮಂಗಳವಾರ ಮಂಗಳವಾರ ಕರ್ಕೊಂಡು ಬಂದಿದ್ದೀರಿ."

ಸುಮೇ ಛತ್ರಿಯನ್ನು ಮಡಿಸಿದಳು, ಮತ್ತೆ ಬಿಚ್ಚಿದಳು, ಮತ್ತೆ ಮಡಿಸಿದಳು. "ಅದಾ! ಯೂಝೆನ್‌ಗೆ ಬೇಯಿಸಿ ಕೊಡೋಣಾಂತ ತಂದಿದ್ದೆ. ಕೈ ಜಾರಿ ನೀರಿಗೆ ಬಿತ್ತು. ಹೇಳೋಕೆ ನಾಚಿಕೆ ಆಯ್ತು."

"ಕಟ್ಟು ಕತ್ತರಿಸ್ಕೊಂಡು ಜಾರ್ತಾ?"

ಸುಮೇ ಸಾರಿನ ಡಬ್ಬಿಯ ಮುಚ್ಚಳ ಒತ್ತಿದಳು.

"ಪ್ರತಿ ವಾರ ಜಾರ್ತಾ?"

"ಪೊಲೀಸರ ಥರ ಮಾತಾಡ್ತೀರಲ್ರೀ!"

"ಹಳೇ ಚಾಳಿ, ಬಿಡಲ್ಲ. ಅಕ್ಕಾ, ನಾನೂ ಬಿಟ್ಟಿದ್ದೀನಿ, ನನ್ನ ಹೆಂಡತಿಗೆ. ಏಳು ವಾರ. ಅದಕ್ಕೇ ಕಟ್ಟು ನೋಡಿದ ಕೂಡ್ಲೇ ತಿಳೀತು. ವೆನ್‌ಚೆಂಗ್ ಯಾವಾಗ ಹೋದ್ರು?"

ಆಕೆ ಕುರ್ಚಿಗೆ ಕುಸಿದಳು. ಆದರೂ ಸುಲಭಕ್ಕೆ ಬಿಟ್ಟುಕೊಡುವ ಹೆಂಗಸಲ್ಲ. ಅಡುಗೆಮನೆಯಲ್ಲಿ ಲೋಟದ ಸದ್ದು ಕೇಳಿ ದನಿ ತಗ್ಗಿಸಿದಳು.

"ಕನಸಲ್ಲಿ ಬಂದಿದ್ದ. ಮೈಯೆಲ್ಲ ಒದ್ದೆ. 'ಅಕ್ಕಾ ಚಳಿ' ಅಂದ. ಎದೆ ಒಡೆದೋಯ್ತು. ಅವನಿಗೆ ಏನೂ ಆಗ್ದೆ ಇರ್ಲಿ ಅಂತ ಒಂದೆರಡು ಜೀವ ಬಿಟ್ಟೆ. ತಪ್ಪಾ?"

"ಕನಸು ಬಿದ್ದೋರು ಬೆಳಗ್ಗೆ ಎದ್ದು ಒಂದು ಸಲ ಬಿಡ್ತಾರೆ. ಅಲ್ಲಿಗೆ ಮುಗೀತು. ವಾರ ಎಣಿಸ್ಕೊಂಡು ಬಿಡೋರಿಗೆ ಸತ್ತ ದಿನ ಗೊತ್ತಿರುತ್ತೆ."

ಸುಮೇ ಮುಖ ಮುಚ್ಚಿಕೊಂಡಳು. ಅಳು ಬಂದದ್ದು ದನಿಯಿಲ್ಲದೆ. ಎರಡು ತಿಂಗಳಿಂದ ದನಿಯಿಲ್ಲದೆ ಅತ್ತು ಅಭ್ಯಾಸವಾಗಿದ್ದವಳ ಅಳು ಅದು. ಅವಳ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ವಾರ್ಫಿನಲ್ಲಿ, ಸಮುದ್ರಕ್ಕೇ ಬಿಟ್ಟಿದ್ರೆ ಆಗ್ತಿತ್ತು," ಎಂದಳು. "ಆದ್ರೆ ಅಲ್ಲಿ ಎಲ್ರೂ ಗೊತ್ತಿರೋರು. ಏಡಿ ಬಿಟ್ಟು ಕೈ ಮುಗಿದ್ರೆ 'ಯಾರು ಹೋದ್ರು ಸುಮೇ?' ಅಂತ ಕೇಳ್ತಾರೆ. ಏನಂತ ಹೇಳ್ಲಿ? ಇದೂ ಸಮುದ್ರದ ನೀರೇ ಅಲ್ವಾ, ಅವನೇ ಹೊತ್ತಿದ್ದು. ಇಲ್ಲಾದ್ರೆ ಪುಣ್ಯ ನೇರ ಅವನಿಗೇ ಸೇರುತ್ತೆ ಅನ್ನಿಸ್ತು. ಕಚ್ಚುತ್ತೆ ಅಂತ ಭಯ, ನೀರೊಳಗೇ ಕತ್ತರಿಸಿ ಕೈ ಎಳ್ಕೊಂಡ್ಬಿಡ್ತಿದ್ದೆ."

"ಮೀನು ಕಮ್ಮಿ ಆಗೋದು ಕಾಣ್ಲಿಲ್ವಾ?"

"ನಾನು ಬರೋ ಹೊತ್ತಿಗೆ ಯಾವಾಗ್ಲೂ ಕತ್ಲು. ಒಂದಿನ ಪರದೆ ತೆಗೆದು ನೋಡ್ದೆ. ಅವನ ಮೀನುಗಳೇ ಇಲ್ಲ! ನಾನು ಬದುಕಿಸಿದ್ದು ಅವನ ಮಕ್ಕಳಂಥವನ್ನ ತಿಂದ್ಬಿಟ್ಟಿತ್ತು. ಪುಣ್ಯ ಕಟ್ಕೊಳೋಕೆ ಬಂದು ಪಾಪ ಕಟ್ಕೊಂಡೆ. ಅವತ್ತಿಗೆ ನಿಲ್ಲಿಸ್ಬಿಟ್ಟೆ. ಆರಕ್ಕೇ ನಿಲ್ಲಿಸ್ದೆ. ಏಳನೇದು ಬಿಡೋಕೆ ಕೈ ಬರ್ಲಿಲ್ಲ."

"ಏಳು," ಎಂದೆ.

"ಆರು."

"ಇಲ್ನೋಡಿ, ಏಳು ಕಟ್ಟಿದೆ."

ಸುಮೇ ಮೂಗು ಒರೆಸಿಕೊಂಡು ಪೇಪರಿನ ಮೇಲೆ ಬಗ್ಗಿದಳು. ಕೆಂಪು ರಬ್ಬರುಗಳನ್ನು ಒಂದೊಂದಾಗಿ ಬೆರಳಿನಿಂದ ಸರಿಸಿದಳು. ಹಸಿರು ದಾರದ ಹತ್ತಿರ ಬೆರಳು ನಿಂತಿತು.

"ಇದು ನಂದಲ್ಲ. ನಾನು ತರೋದು ಬೆಳಗಿನ ಜಾವದ ಮಾರ್ಕೆಟ್ಟಿಂದ, ಅಲ್ಲಿ ಎಲ್ಲ ಕೆಂಪೇ. ಈ ಹಸಿರು ವಾರ್ಫ್ ಮೇಲಿನ ಹೋಟ್ಲೋರು ಕಟ್ಟೋದು."

ಅಂದರೆ ವೆನ್‌ಚೆಂಗ್ ಸತ್ತ ದಿನ ಗೊತ್ತಿದ್ದವರು, ಎಣಿಕೆ ಆರಕ್ಕೆ ನಿಂತದ್ದೂ ಗೊತ್ತಿದ್ದವರು, ಇನ್ನೊಬ್ಬರಿದ್ದಾರೆ.

"ಅದು ನಂದು," ಎಂದಳು ಯೂಝೆನ್.

ಟ್ರೇ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಮೂರು ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಚಹಾದಿಂದ ಹಬೆ ಏಳುತ್ತಿರಲಿಲ್ಲ.

"ಯೂಝೆನ್..." ಎಂದು ಸುಮೇ ಎದ್ದಳು.

"ಕೂತ್ಕೊಳ್ಳಿ ಅತ್ತಿಗೆ." ಲೋಟಗಳನ್ನು ಒಂದೊಂದಾಗಿ ನಮ್ಮ ಮುಂದಿಟ್ಟಳು. ಒಂದು ಹನಿ ಚೆಲ್ಲಲಿಲ್ಲ. "ಮೂರನೇ ವಾರ ಮೊದಲನೇ ಏಡಿ ಕಣ್ಣಿಗೆ ಬಿತ್ತು. ನಾಲ್ಕನೇ ವಾರ ನೀರಲ್ಲಿ ಕೆಂಪು ಕಟ್ಟು ನೋಡ್ದೆ. ಮಂಗಳವಾರ ಅಂತ ಪುಸ್ತಕದಲ್ಲಿತ್ತು. ಐದನೇ ವಾರ ಕೆಲಸದಲ್ಲಿ ಲಾರಿಗಳ ತೂಕದ ಚೀಟಿ ಬರೀತಾ ಬರೀತಾ ಒಮ್ಮೆಲೇ ಅರ್ಥ ಆಯ್ತು. ಪೆನ್ನು ಕೆಳಗಿಟ್ಟೆ. ಲಾರಿಯೋರು ಹಾರ್ನ್ ಹೊಡೀತಾನೇ ಇದ್ರು."

"ಯಾಕೆ ನನ್ನ ಕೇಳ್ಲಿಲ್ಲ ಕಣೇ?"

"ಕೇಳಿದ್ರೆ ನೀವು ಹೇಳ್ಬಿಡ್ತಿದ್ರಿ."

ತೊಟ್ಟಿಯ ಪಂಪು ಗುಂಯ್‌ಗುಡುತ್ತಿತ್ತು.

"ಏಳನೇ ಮಂಗಳವಾರ ಮನೆಗೆ ಬಂದೆ," ಎಂದಳು ಯೂಝೆನ್. "ನೆಲ ಒದ್ದೆ ಇರ್ಲಿಲ್ಲ. ಕತ್ತರಿ ಜಾಗದಲ್ಲೇ ಇತ್ತು. ಅವತ್ತೇ ಕೊನೇ ದಿನ. ಅವರ ಎಣಿಕೆ ಆರಕ್ಕೆ ನಿಂತ್ರೆ ಹೇಗೆ? ಮಾರ್ಕೆಟ್ ಮುಚ್ಚಿತ್ತು. ಹೋಟ್ಲಿಗೆ ಓಡಿದೆ. 'ಹಬೇಲಿ ಬೇಯಿಸ್ಲಾ, ಹುರೀಲಾ?' ಅಂತ ಕೇಳಿದ. ಹಾಗೇ ಕೊಡಿ ಅಂದೆ. ಮೀನು ತಿನ್ನುತ್ತೆ ಅಂತ ನನಗೆ ಗೊತ್ತಿತ್ತು ಅತ್ತಿಗೆ. ಗೊತ್ತಿದ್ದೇ ಬಿಟ್ಟೆ. ಆಮೇಲೆ ಪಾಯಸ ಕುಡಿದು ಮಲಗಿದೆ, ಅವರಿಗೆ ಇಷ್ಟ ಅಂತ ಕಡಲೆಕಾಯಿ ಪಾಯಸ ಮಾಡಿದ್ದೆ."

ನಾನು ತಲೆ ತಗ್ಗಿಸಿದೆ. ಮೂರು ದಿನ ನಾನು ಈ ಮನೆಯಲ್ಲಿ ಜೊತೆ ಹುಡುಕಿಕೊಂಡು ಕೂತಿದ್ದೆ. ಎದುರಿಗೆ ಕೂತಿದ್ದವಳ ಒಂಟಿತನಕ್ಕೆ ಹೋಲಿಸಿದರೆ ನನ್ನದು ಬರೀ ಹಗಲು ಹೊತ್ತಿನ ಬೇಜಾರು.

"ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ?" ಎಂದು ಕೇಳಿದೆ.

"ನನ್ನ ಎಣಿಕೆ ತಪ್ಪಿರ್ಲಿ ಅಂತ, ಮೇಸ್ತ್ರಿ. ಒಂಟಿ ಹೆಂಗಸು, ರಾತ್ರಿಯೆಲ್ಲ ನೀರು ನೋಡ್ತಾ ಕೂರ್ತೀನಿ, ತಲೆ ಕೆಟ್ಟಿರಬಹುದು. ಬೇರೆ ಯಾರಾದ್ರೂ ಬಂದು ನೋಡಿ, ಇದು ಕಲ್ಲಲ್ಲಿ ಬಂದ ಹುಳ ಕಣಮ್ಮಾ ಅಂದ್ರೆ ನಂಬೋಣಾಂತಿದ್ದೆ. ನೀವೂ ಏಳೇ ಎಣಿಸಿದ್ರಿ."

ಆಕೆ ಪುಸ್ತಕವನ್ನು ದಾರದಿಂದ ಬಿಚ್ಚಿ ಸುಮೇಯ ಮುಂದಿಟ್ಟಳು. ಈಗ ಅವಳ ದನಿ ಬೇರೆಯಾಗಿತ್ತು.

"ಒಂದು ಲೆಕ್ಕ ಮಾತ್ರ ಹೊಂದ್ತಾ ಇಲ್ಲ ಅತ್ತಿಗೆ. ನೀವು ಮೊದಲನೇದು ಬಿಟ್ಟಿದ್ದು ಮೇ ಇಪ್ಪತ್ತು, ಮಂಗಳವಾರ. ಸತ್ತ ದಿನಾನೂ ಸೇರಿಸಿ ಏಳು ಎಣಿಸೋದು ಪದ್ಧತಿ. ಹಿಂದಕ್ಕೆ ಎಣಿಸಿ."

ನಾನೂ ಬೆರಳು ಮಡಿಸಿದೆ. ಮಂಗಳ, ಸೋಮ, ಭಾನು, ಶನಿ, ಶುಕ್ರ, ಗುರು, ಬುಧ.

"ಬುಧವಾರ, ಹದಿನಾಲ್ಕು," ಎಂದಳು ಯೂಝೆನ್. "ಇಲ್ಲಿಂದ ಬ್ಯಾಗ್ ತಗೊಂಡು ಸೋಮವಾರ ನಿಮ್ಮನೇಗೆ ಹೋದ್ರು. ಅಕ್ಕನ ಮನೇಲಿ ನಾಲ್ಕು ದಿನ ಇದ್ದು ಅಲ್ಲಿಂದ್ಲೇ ಹಡಗು ಹತ್ತುತ್ತೀನಿ ಅಂದ್ರು. ಬುಧವಾರ ಅವರು ಸತ್ತಿದ್ರೆ, ಶುಕ್ರವಾರ ವೆನ್‌ಚೆಂಗ್ ಅಂತ ಸಹಿ ಹಾಕಿ ಹಡಗು ಹತ್ತಿದ್ದು ಯಾರು? ಒಂಬತ್ತು ವಾರ ನನಗೆ 'ಹೊತ್ತಿಗೆ ಸರಿಯಾಗಿ ಊಟ ಮಾಡು' ಅಂತ ಬರೆದಿದ್ದು ಯಾರು?"

ಸುಮೇ ಲೋಟ ಎತ್ತಿಕೊಂಡಳು. ಚಹಾ ಮಡಿಲ ಮೇಲೆ ಚೆಲ್ಲಿತು. ಒರೆಸಿಕೊಳ್ಳಲಿಲ್ಲ.

"ನಮ್ಮವರು," ಎಂದಳು.

"ಭಾವನಾ?"

"ಹೊಸ ಹಡಗು, ಹೊಸ ಜನ. ವೆನ್‌ಚೆಂಗ್ ಮುಖ ಯಾರಿಗೂ ಗೊತ್ತಿರ್ಲಿಲ್ಲ. ಅವನ ಕಾಗದ ಪತ್ರ, ಅವನ ಫೋನು, ಅವನ ಜಾಕೆಟ್ಟು. ಇವರೂ ಎಂಜಿನ್ ಕೆಲಸ ಮಾಡಿದೋರೇ. ಅವನು ಹಡಗಿಗೆ ಬರ್ಲಿಲ್ಲ ಅಂದ್ರೆ ಅವತ್ತೇ ಹುಡುಕ್ತಾರೆ ಅಂತ ಇವರೇ ಹೋದ್ರು." ಒಂದೊಂದು ಮಾತಿಗೂ ಅವಳು ಕಿಟಕಿಯ ಪರದೆ ಕಡೆ ನೋಡುತ್ತಿದ್ದಳು. "ಬುಧವಾರ ಮಧ್ಯಾಹ್ನ ನಾನು ಮನೆಗೆ ಬಂದಾಗ ವೆನ್‌ಚೆಂಗ್ ಹಿಂದಿನ ಮೆಟ್ಟಿಲ ಕೆಳಗೆ ಬಿದ್ದಿದ್ದ. ನಮ್ಮವರು ಪಕ್ಕದಲ್ಲಿ ನಿಂತಿದ್ರು. ಕಾಲು ಜಾರಿ ಬಿದ್ದ ಅಂದ್ರು. ಯಾರಿಗಾದ್ರೂ ಹೇಳಿದ್ರೆ ನನ್ನ ಮೇಲೇ ಬರುತ್ತೆ ಅಂದ್ರು. ನಂಬಿದೆ. ನಂಬದೆ ಎಲ್ಲಿಗೆ ಹೋಗ್ಲಿ ಯೂಝೆನ್? ನನಗಿರೋದು ಗಂಡ ಒಬ್ರು, ಇದ್ದಿದ್ದು ತಮ್ಮ ಒಬ್ಬ."

"ಅವರನ್ನ ಎಲ್ಲಿಟ್ಟಿದ್ದೀರಿ?"

ಸುಮೇ ತಲೆ ಅಲ್ಲಾಡಿಸಿದಳು. "ನನಗೆ ಹೇಳ್ಲಿಲ್ಲ."

ಯೂಝೆನ್ ಅವಳ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಬಾಗಿಲಿಗೆ ಹೋಗಿ ಅಲ್ಲಿಟ್ಟಿದ್ದ ಹೊಸ ಗಂಡಸರ ಚಪ್ಪಲಿಗಳನ್ನು ಎತ್ತಿ ಎದೆಗೆ ಹಿಡಿದುಕೊಂಡಳು.

"ನಾಳೆ ಹತ್ತು ಗಂಟೆಗೆ ವಾರ್ಫಿಗೆ ಬನ್ನಿ ಅಂತ ಕಂಪನಿಯೋರು ಹೇಳಿದ್ದಾರೆ," ಎಂದಳು. "ಹೋಗ್ತೀನಿ. ಎಲ್ಲರ ಮುಂದೆ ಅವನ ಮುಖ ನೋಡಿ, ಇವನು ನನ್ನ ಗಂಡ ಅಲ್ಲ ಅಂತೀನಿ. ಮೇಸ್ತ್ರಿ, ನಿಮ್ಮ ಹಳೇ ಸ್ಟೇಷನ್ನಿಗೆ ಒಂದು ಫೋನ್ ಮಾಡ್ತೀರಾ? ನಾಳೆ ಬೆಳಗ್ಗೆಗೆ."

"ಈಗಲೇ ಮಾಡ್ತೀನಿ," ಎಂದು ಜೇಬಿಗೆ ಕೈ ಹಾಕಿದೆ.

"ನಾಳೆವರೆಗೆ ಟೈಮಿಲ್ಲ," ಎಂದಳು ಸುಮೇ.

ನಾವಿಬ್ಬರೂ ತಿರುಗಿದೆವು.

"ಹಡಗು ನಿನ್ನೇನೇ ಬಂದು ಹೊರಗೆ ಲಂಗರು ಹಾಕಿದೆ. ಅವರು ಸಣ್ಣ ದೋಣೀಲಿ ಇಳಿದು ಮನೆಗೆ ಬಂದ್ರು. ನಿನಗೆ ಏನಾದ್ರೂ ಅನುಮಾನ ಬಂದಿದೆಯಾ, ಮನೇಲಿ ಏನು ಬರೆದಿಟ್ಟಿದ್ದೀಯಾ ಅಂತ ನೋಡ್ಕೊಂಡು ಬಾ ಅಂತ ನನ್ನ ಕಳಿಸಿದ್ರು. ಅವರೇ ಸ್ಕೂಟರಲ್ಲಿ ಕರ್ಕೊಂಡು ಬಂದ್ರು." ಅವಳು ಬಾಗಿಲ ಕಡೆ ನೋಡಿದಳು. "ಕೆಳಗೆ ಇದ್ದಾರೆ. ಅವರ ಹತ್ರಾನೂ ಈ ಮನೆ ಕೀಲಿ ಇದೆ, ವೆನ್‌ಚೆಂಗ್‌ದು. ನೀರು ಹಾಕೋಕೆ ಹತ್ತು ನಿಮಿಷ ಸಾಕು, ಅದಕ್ಕಿಂತ ತಡವಾದ್ರೆ ನಾನೇ ಮೇಲೆ ಬರ್ತೀನಿ ಅಂದಿದ್ರು."

ನಾನು ಗೋಡೆಯ ಗಡಿಯಾರ ನೋಡಿದೆ. ಅವಳು ಬಂದು ಅರ್ಧ ಗಂಟೆಯ ಮೇಲಾಗಿತ್ತು.